‘ಸಿಗಲಿಲ್ಲ’ ಎಂದರೆ ‘ಇಲ್ಲ’ ಎಂದಲ್ಲ

(ಸ್ವಸಹಾಯ ಸಂಘಗಳ ಪ್ರತಿನಿಧಿಗಳ ತರಬೇತಿಯಲ್ಲಿ ಮಾಡಿದ ಭಾಷಣ)



ಮೊದಲೆಲ್ಲ ಪಟ್ಟಿ ಅಂದ್ರೆ ಪಂಚಾಯ್ತಿ ಗೋಡೆಗೆ ಅಂಟಿಸಿದ ಹಾಳೆ. ಹೋಗಿ ನಿಂತು, ಸಾಲಿನ ಮೇಲೆ ಬೆರಳಿಟ್ಟು, ನಮ್ಮ ಹೆಸರು ಇದೆಯಾ ಅಂತ ಓದಬೇಕಿತ್ತು. ಓದಲು ಬಾರದವರು ಓದುವವರನ್ನು ಕರೆದುಕೊಂಡು ಹೋಗಬೇಕಿತ್ತು. ಈಗ ಅಂಥ ಎಷ್ಟೋ ಪಟ್ಟಿಗಳು ಪಿಡಿಎಫ್ ರೂಪದಲ್ಲಿ ನಮ್ಮ ಟ್ಯಾಬ್‌ಗೇ ಬರುತ್ತವೆ. ಮತದಾರರ ಪಟ್ಟಿ, ಫಲಾನುಭವಿಗಳ ಪಟ್ಟಿ, ಜಮೀನಿನ ಅಧಿಸೂಚನೆ, ಸುತ್ತೋಲೆ ಹೀಗೆ. ಕೆಲವು ಹತ್ತು ಪುಟ, ಕೆಲವು ನೂರಾರು ಪುಟ. ಅಷ್ಟನ್ನೂ ಕೂತು ಓದೋದು ಕಷ್ಟ. ಆದ್ದರಿಂದ ಹುಡುಕುವ ಗುಂಡಿ ಒತ್ತುತ್ತೇವೆ.

ನಮ್ಮ ಸಂಘದ ಒಬ್ಬ ತಾಯಿ ಬಂದು, “ನನ್ನ ಹೆಸರು ಬಂದಿದೆಯಾ ನೋಡವ್ವ” ಅಂತ ಕೇಳ್ತಾಳೆ. ನಾವು ಹೆಸರು ಬರೆದು ಹುಡುಕುತ್ತೇವೆ. ಪರದೆ ಮೇಲೆ ಸೊನ್ನೆ ಬರುತ್ತದೆ. “ಇಲ್ಲಮ್ಮ, ನಿನ್ನ ಹೆಸರಿಲ್ಲ” ಎಂದುಬಿಡುತ್ತೇವೆ. ಆಕೆ ನಮ್ಮನ್ನು ನಂಬಿ ಮನೆಗೆ ಹೋಗ್ತಾಳೆ. ಹೆಸರು ಇದ್ದಿದ್ದರೆ ಆಕೆಗೆ ಸೇರಬೇಕಾದದ್ದು ತಪ್ಪಿತು. ನಿಜವಾಗಿ ಇಲ್ಲದಿದ್ದರೆ ಆಕ್ಷೇಪಣೆ ಹಾಕುವ ದಿನ ಕಳೆದುಹೋಯಿತು. ಆದ್ದರಿಂದ ಇವತ್ತು ನಾವು ಹೇಳಬೇಕೆಂದಿರುವ ಮಾತು ಒಂದೇ: ಟ್ಯಾಬ್ ‘ಸಿಗಲಿಲ್ಲ’ ಅಂದ ಮಾತ್ರಕ್ಕೆ ‘ಇಲ್ಲ’ ಅಂತ ಯಾರಿಗೂ ಹೇಳಬೇಡಿ.

ಹುಡುಕುವುದು ಹೇಗೆ?

ಮೊದಲು ದಾರಿ ತಿಳಿಯೋಣ. ಆಂಡ್ರಾಯ್ಡ್ ಟ್ಯಾಬ್‌ನಲ್ಲಿ ಕ್ರೋಮ್ ತೆರೆದು, ಬೇಕಾದ ಪುಟಕ್ಕೆ ಹೋಗಿ, ಮೇಲಿನ ಬಲ ಮೂಲೆಯ ಮೂರು ಚುಕ್ಕೆ ಒತ್ತಿ. ಅಲ್ಲಿ ‘ಫೈಂಡ್ ಇನ್ ಪೇಜ್’ ಎಂದಿರುತ್ತದೆ. ಭಾಷೆ ಕನ್ನಡಕ್ಕೆ ಬದಲಿಸಿಕೊಂಡಿದ್ದರೆ ಆ ಮಾತು ಕನ್ನಡದಲ್ಲೇ ಕಾಣುತ್ತದೆ. ಪದ ಬರೆದರೆ ಅದು ಎಷ್ಟು ಕಡೆ ಇದೆ ಎಂಬ ಲೆಕ್ಕ ಬರುತ್ತದೆ. ಪಕ್ಕದ ಬಾಣದ ಗುರುತು ಒತ್ತಿ ಒಂದೊಂದನ್ನೇ ನೋಡುತ್ತಾ ಹೋಗಬಹುದು.

ಐಪ್ಯಾಡ್‌ನ ಸಫಾರಿಯಲ್ಲಾದರೆ ವಿಳಾಸ ಬರೆಯುವ ಜಾಗದಲ್ಲೇ ಪದ ಬರೆಯಿರಿ. ಕೆಳಗೆ ಬರುವ ಸಾಲುಗಳನ್ನು ಕೊನೆವರೆಗೆ ಸರಿಸಿದರೆ ‘ಆನ್ ದಿಸ್ ಪೇಜ್’ ಎಂದು ಕಾಣುತ್ತದೆ. ಅದನ್ನು ಒತ್ತಬೇಕು. ಪಿಡಿಎಫ್ ತೆರೆದಾಗ ಎರಡೂ ಬಗೆಯ ಟ್ಯಾಬ್‌ನಲ್ಲಿ ಸಾಮಾನ್ಯವಾಗಿ ಭೂತಗನ್ನಡಿಯ ಚಿಹ್ನೆ ಇರುತ್ತದೆ. ಕೀಬೋರ್ಡ್ ಜೋಡಿಸಿದ್ದರೆ ಕಂಟ್ರೋಲ್ ಮತ್ತು ಎಫ್ ಒಟ್ಟಿಗೆ ಒತ್ತಿ; ಐಪ್ಯಾಡ್‌ನಲ್ಲಿ ಕಮಾಂಡ್ ಮತ್ತು ಎಫ್.

ಇಲ್ಲಿ ಒಂದು ವ್ಯತ್ಯಾಸ ನೆನಪಿಡಿ. ಗೂಗಲ್‌ನಲ್ಲಿ ಹುಡುಕಿದರೆ ಇಡೀ ಇಂಟರ್‌ನೆಟ್ಟಿನಲ್ಲಿ ಹುಡುಕಿದಂತೆ. ಈಗ ಹೇಳಿದ್ದು ತೆರೆದಿರುವ ಒಂದು ಪುಟ, ಒಂದು ಕಡತದೊಳಗೆ ಮಾತ್ರ ಹುಡುಕುವ ವಿಧಾನ. ವೆಬ್‌ಸೈಟಿನಲ್ಲಿ ಪಟ್ಟಿ 1, 2, 3 ಎಂದು ಬೇರೆ ಬೇರೆ ಪುಟಗಳಾಗಿ ಹಂಚಿಹೋಗಿದ್ದರೆ, ಕಣ್ಣೆದುರಿನ ಪುಟ ಬಿಟ್ಟು ಉಳಿದವನ್ನು ಅದು ನೋಡುವುದೇ ಇಲ್ಲ. ಪ್ರತಿ ಪುಟ ತೆರೆದು ಮತ್ತೆ ಹುಡುಕಬೇಕು.

ಮೊದಲು ಪರೀಕ್ಷೆ ಮಾಡಿ

ಬೇಕಾದ ಹೆಸರು ಹುಡುಕುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಪುಟದಲ್ಲಿ ನಿಮ್ಮ ಕಣ್ಣಿಗೇ ಕಾಣುತ್ತಿರುವ ಯಾವುದಾದರೂ ಪದ ತಗೊಳ್ಳಿ. ಊರಿನ ಹೆಸರೋ, ‘ತಾಲ್ಲೂಕು’ ಎಂಬ ಪದವೋ. ಅದನ್ನು ಅಲ್ಲಿರುವ ಹಾಗೇ ಬರೆದು ಹುಡುಕಿ. ಸಿಕ್ಕಿದರೆ ಮುಂದುವರಿಯಿರಿ. ಕಣ್ಣಿಗೆ ಕಾಣುವ ಪದವೇ ಅದಕ್ಕೆ ಸಿಗದಿದ್ದರೆ ಆ ಕಡತದಲ್ಲಿ ಹುಡುಕಾಟ ಕೆಲಸ ಮಾಡುತ್ತಿಲ್ಲ ಎಂದು ತಿಳಿಯಿರಿ. ಆಮೇಲೆ ಬರುವ ಸೊನ್ನೆಗೆ ಬೆಲೆಯಿಲ್ಲ. ಅರ್ಧ ನಿಮಿಷದ ಕೆಲಸ ಇದು.

ಯಾಕೆ ಸಿಗುವುದಿಲ್ಲ?

ಒಂದನೆಯ ಕಾರಣ: ಎಷ್ಟೋ ಪಿಡಿಎಫ್‌ಗಳು ಬರೀ ಫೋಟೋ. ಕಾಗದವನ್ನು ಸ್ಕ್ಯಾನ್ ಮಾಡಿ ಹಾಕಿರುತ್ತಾರೆ. ನಮಗೆ ಅಕ್ಷರ ಕಾಣುತ್ತದೆ, ಯಂತ್ರಕ್ಕೆ ಬರೀ ಕಪ್ಪು ಬಿಳುಪು ಚಿತ್ರ. ಪದದ ಮೇಲೆ ಬೆರಳು ಒತ್ತಿ ಹಿಡಿದಾಗ ಆ ಪದ ಬಣ್ಣಗೊಂಡು ಆಯ್ಕೆ ಆಗದಿದ್ದರೆ ಅದು ಫೋಟೋ ಇರಬಹುದು ಅಂತ ಅನುಮಾನಿಸಿ.

ಎರಡನೆಯದು ನಮ್ಮ ಕನ್ನಡಕ್ಕೆ ಬಹಳ ಹತ್ತಿರದ ತೊಂದರೆ. ಕಂಪ್ಯೂಟರಿನೊಳಗೆ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆ. ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರಿಂದಲೇ ತನ್ನದೇ ಸ್ಥಾನ ಇದೆ. ಆದರೆ ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸ್ಥಾನದಲ್ಲಿ ಕನ್ನಡದ ಆಕಾರ ಕೂರಿಸಿದ್ದವು. ಆ ಕಾಲದಲ್ಲಿ ಕನ್ನಡವನ್ನು ಕಂಪ್ಯೂಟರಿಗೆ ತಂದ ಉಪಕಾರ ಅವುಗಳದು, ಅದನ್ನು ಮರೆಯಬಾರದು. ಆದರೆ ಪರಿಣಾಮ ಏನಾಯಿತು? ಹಾರ್ಲಿಕ್ಸ್ ಬಾಟಲಿಯಲ್ಲಿ ಹುಣಸೆಹಣ್ಣು ತುಂಬಿಟ್ಟ ಹಾಗಾಯಿತು. ಮನೆಯವರಿಗೆ ಗೊತ್ತು, ಹೊರಗಿನವರಿಗೆ ಚೀಟಿ ಮಾತ್ರ ಕಾಣುತ್ತದೆ. ನುಡಿಯ ಹಳೆಯ ಫಾಂಟಿನಲ್ಲಿ ‘ನ’ ಅಕ್ಷರ ಇರುವ ಕಡೆ ಯಂತ್ರ ಕಾಣುವುದು ಪೌಂಡ್ ಹಣದ ಗುರುತನ್ನು! ನಾವು ಯೂನಿಕೋಡ್ ಕೀಬೋರ್ಡಿನಲ್ಲಿ ‘ನಾಗಮ್ಮ’ ಎಂದು ಬರೆದರೆ ಅದಕ್ಕೆ ಹೇಗೆ ಸಿಗಬೇಕು? ಇಂಥ ಕಡತದಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ಗೆ ಅಂಟಿಸಿ ನೋಡಿ, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಅಲ್ಲಿಗೆ ಕಾರಣ ಗೊತ್ತಾಯಿತು.

ಮೂರನೆಯದು, ಹೆಸರು ಬರೆಯುವ ರೀತಿ. ಸಿದ್ದಮ್ಮ, ಸಿದ್ಧಮ್ಮ. ಡಿಸೋಜ, ಡಿಸೋಜಾ, ಡಿ ಸೋಜ. ಫಿಲೋಮಿನಾ, ಪಿಲೋಮಿನ. ಥಾಮಸ್, ತೋಮಸ್. ಕರೆಯುವಾಗ ಎಲ್ಲಾ ಒಂದೇ, ಯಂತ್ರಕ್ಕೆ ಎಲ್ಲಾ ಬೇರೆ. ಆದ್ದರಿಂದ ಪೂರ್ತಿ ಹೆಸರು ಬರೆಯಬೇಡಿ, ತುಂಡು ಬರೆಯಿರಿ. ‘ಫಿಲೋಮಿನಾ’ ಬದಲು ‘ಲೋಮಿ’ ಸಾಕು. ಊರಿನ ಹೆಸರಿಗೂ ಇದೇ ಉಪಾಯ. ‘ಮಂಗಳೂರು’ ಎಂದು ಹುಡುಕಿದರೆ ‘ಮಂಗಳೂರಿನ’, ‘ಮಂಗಳೂರಲ್ಲಿ’ ಸಿಗುವುದಿಲ್ಲ. ‘ಮಂಗಳೂ’ ಎಂದು ನಿಲ್ಲಿಸಿದರೆ ಮೂರೂ ಸಿಗುತ್ತವೆ. ಬದಲಾಗುವ ಅಕ್ಷರಕ್ಕೆ ಮೊದಲೇ ನಿಲ್ಲಿಸೋದು ಜಾಣತನ.

ನಾಲ್ಕನೆಯದು, ಕಣ್ಣಿಗೆ ಕಾಣದ ಭೇದಗಳು. ಅವಸರದಲ್ಲಿ ಟೈಪ್ ಮಾಡುವವರು ‘ಂ’ ಬದಲು ಕನ್ನಡದ ಸೊನ್ನೆ ‘೦’ ಹಾಕಿಬಿಡುತ್ತಾರೆ. ನೋಡಲು ಎರಡೂ ಹೆಚ್ಚುಕಮ್ಮಿ ಒಂದೇ. ‘ರಾಜ್‌ಕುಮಾರ್’ ಎಂಬ ಹೆಸರಿನ ನಡುವೆ ಅಕ್ಷರ ಒತ್ತಾಗದಂತೆ ತಡೆಯುವ ಒಂದು ಕಾಣದ ಗುರುತು ಇರುತ್ತದೆ. ಅದೂ ಹುಡುಕಾಟಕ್ಕೆ ಅಡ್ಡ ಬರಬಹುದು. ಇಲ್ಲಿಯೂ ‘ಕುಮಾ’ ಎಂಬ ತುಂಡೇ ಮದ್ದು. ಅಂಕಿಗಳ ವಿಷಯವೂ ಹೀಗೇ. ‘45/2’ ಬೇರೆ, ‘೪೫/೨’ ಬೇರೆ. ಎರಡೂ ರೀತಿ ಹುಡುಕಿ.

ಅಂಕಿಯಿಂದ ಇನ್ನೊಂದು ಉಪಯೋಗ ಇದೆ. ಹಳೆಯ ಫಾಂಟಿನ ಕಡತದಲ್ಲಿ ಹೆಸರು ಸಿಗದಿದ್ದರೂ ಇಂಗ್ಲಿಷ್ ಅಂಕಿ ಬರೆದು ಹುಡುಕಿದರೆ ಬಹಳ ಸಲ ಸಿಗುತ್ತದೆ. ಜಮೀನಿನ ಅಧಿಸೂಚನೆ ಬಂದಾಗ ಪಹಣಿ ಕೈಲಿಟ್ಟುಕೊಂಡು ಸರ್ವೆ ನಂಬರ್ ಹುಡುಕಿ. 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಪ್ರಾಥಮಿಕ ಅಧಿಸೂಚನೆ ಹೊರಟ ಮೇಲೆ ಆಕ್ಷೇಪಣೆ ಸಲ್ಲಿಸಲು ಇರುವುದು 60 ದಿನ. ಹುಡುಕಾಟದ ತಪ್ಪಿನಿಂದ ಆ ದಿನಗಳು ಹೋದರೆ ಮತ್ತೆ ಬಾರವು.

ಮತದಾರರ ಪಟ್ಟಿಯ ವಿಷಯ

ಚುನಾವಣಾ ಆಯೋಗ ಮತದಾರರ ಪಟ್ಟಿಯನ್ನು ಚಿತ್ರರೂಪದ ಪಿಡಿಎಫ್ ಆಗಿ ಹಾಕುವುದು 2018ರಿಂದ ಚರ್ಚೆಯಲ್ಲಿರುವ ಸಂಗತಿ. ಹುಡುಕಲು ಬರುವ ಪಠ್ಯರೂಪದಲ್ಲಿ ಪಟ್ಟಿ ಕೊಡಬೇಕೆಂದು ಮಧ್ಯಪ್ರದೇಶದ ಕಮಲ್ ನಾಥ್ ಸಲ್ಲಿಸಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ ಆ ವರ್ಷದ ಅಕ್ಟೋಬರಿನಲ್ಲಿ ತಳ್ಳಿಹಾಕಿತು. ಮತದಾರರ ಖಾಸಗಿ ವಿವರಗಳು ದುರುಪಯೋಗ ಆಗಬಾರದು ಎಂಬುದು ಆಯೋಗದ ವಾದವಾಗಿತ್ತು. ಆ ಮಾತಿನಲ್ಲೂ ತೂಕವಿದೆ. ಆದರೆ ತನ್ನ ಹೆಸರನ್ನು ತಾನೇ ಹುಡುಕುವ ಬಡವನಿಗೆ ಇದರಿಂದ ಕಷ್ಟ ಆಗುವುದೂ ನಿಜ.

2025ರಲ್ಲಿ ಬಿಹಾರದ ಪಟ್ಟಿಯ ಪರಿಷ್ಕರಣೆ ನಡೆದಾಗ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರು ಬಿಟ್ಟುಹೋಗಿದ್ದವು. ಆ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಏನು ಹೇಳಿತು ಗೊತ್ತೇ? ಬಿಟ್ಟ ಹೆಸರುಗಳನ್ನು ಕಾರಣದ ಸಮೇತ ಜಿಲ್ಲಾ ವೆಬ್‌ಸೈಟುಗಳಲ್ಲಿ ಪ್ರಕಟಿಸಬೇಕು, ಎಪಿಕ್ ನಂಬರಿನಿಂದ ಹುಡುಕಲು ಬರುವಂತಿರಬೇಕು, ಜೊತೆಗೆ ಪಂಚಾಯ್ತಿ ಕಚೇರಿಗಳಲ್ಲಿ ಅಂಟಿಸಲೂಬೇಕು ಎಂದು. ಗಮನಿಸಿ, ವೆಬ್‌ಸೈಟೂ ಬೇಕು, ಗೋಡೆಯೂ ಬೇಕು. ಹುಡುಕಲು ಬರುವಂತೆ ಇಡುವುದು ಬರೀ ಅನುಕೂಲದ ಮಾತಲ್ಲ, ಹಕ್ಕಿನ ಮಾತು ಎಂಬುದು ಇದರಿಂದ ತಿಳಿಯುತ್ತದೆ.

ನಾವು ಮಾಡಬೇಕಾದ್ದು ಇಷ್ಟು. ಪಟ್ಟಿಯ ಪಿಡಿಎಫ್‌ನಲ್ಲಿ ಹೆಸರು ಹುಡುಕುವ ಬದಲು, ಆಯೋಗದ ಮತದಾರರ ಹುಡುಕಾಟದ ಪುಟದಲ್ಲಿ ಗುರುತಿನ ಚೀಟಿಯ ಎಪಿಕ್ ನಂಬರ್ ಹಾಕಿ ನೋಡಿ. 1950ಕ್ಕೆ ಫೋನ್ ಮಾಡಿಯೂ ಕೇಳಬಹುದು. ಪಿಡಿಎಫ್ ಓದಲೇಬೇಕಾದರೆ ಅಂಜಬೇಡಿ. ಪಟ್ಟಿಯನ್ನು ಮತಗಟ್ಟೆಯ ಭಾಗಗಳಾಗಿ ಮಾಡಿರುತ್ತಾರೆ. 2025ರಲ್ಲಿ ಆಯೋಗ ಒಂದು ಮತಗಟ್ಟೆಗೆ ಹೆಚ್ಚೆಂದರೆ 1,200 ಮತದಾರರು ಎಂದು ಮಿತಿ ಹಾಕಿದೆ. ಪುಟಕ್ಕೆ ಸುಮಾರು 30 ಹೆಸರು ಹಿಡಿದರೆ 40 ಪುಟ ಆಯಿತು. ಇಬ್ಬರು ಕೂತರೆ ಒಂದು ಮಧ್ಯಾಹ್ನದ ಕೆಲಸ. ಮನೆ ನಂಬರಿನ ಸುತ್ತಮುತ್ತ ನೋಡಿದರೆ ಇನ್ನೂ ಬೇಗ. ಪಕ್ಕದ ಮನೆಯವರ ಹೆಸರು ಸಿಕ್ಕಿದರೆ ನಮ್ಮದೂ ಅಲ್ಲೇ ಇರಬೇಕು. ನಿಜವಾಗಿಯೂ ಹೆಸರಿಲ್ಲ ಎಂದಾದರೆ ನಮೂನೆ 6, ಹೆಸರಿದ್ದು ತಪ್ಪಿದ್ದರೆ ನಮೂನೆ 8. ಬಿಎಲ್‌ಓ ಅವರಿಗೆ ಕೊಟ್ಟು ಸ್ವೀಕೃತಿ ಕೇಳಿ ಪಡೆಯಿರಿ.

ಎಚ್ಚರಿಕೆಯ ಮಾತು

ಫೋಟೋದ ಅಕ್ಷರವನ್ನು ಪಠ್ಯವಾಗಿ ಬದಲಿಸಿಕೊಡುವ ಆ್ಯಪ್‌ಗಳಿವೆ. ಸುತ್ತೋಲೆಯ ಸಾರ ತಿಳಿಯಲು ಅವು ಪರವಾಗಿಲ್ಲ. ಹೆಸರಿನ ಪಟ್ಟಿಗೆ ಮಾತ್ರ ಪೂರ್ತಿ ನಂಬಬೇಡಿ, ಒತ್ತಕ್ಷರಗಳಲ್ಲಿ ಎಡವುತ್ತವೆ. ಜನರ ಆಧಾರ್, ಬ್ಯಾಂಕ್ ವಿವರ ಇರುವ ಕಡತಗಳನ್ನು ಗೊತ್ತಿಲ್ಲದ ವೆಬ್‌ಸೈಟಿಗೆ ಹಾಕಲೇಬೇಡಿ. ನಮ್ಮನ್ನು ನಂಬಿ ಕೊಟ್ಟ ಕಾಗದ ಅದು.

ಕಚೇರಿಯವರು ಓದಲಾಗದ ಸ್ಕ್ಯಾನ್ ಹಾಕಿದ್ದರೆ ವಿನಯದಿಂದಲೇ ಕೇಳಿ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ, ಮಾಹಿತಿ ಕಂಪ್ಯೂಟರಿನಲ್ಲಿ ಇದ್ದರೆ ಅದನ್ನು ವಿದ್ಯುನ್ಮಾನ ರೂಪದಲ್ಲೋ ಮುದ್ರಿಸಿಯೋ ಪಡೆಯುವ ಹಕ್ಕು ಇದೆ.

ಕೊನೆಯದಾಗಿ, ನಮ್ಮ ಸಂಘಗಳಲ್ಲಿ ಈ ರೂಢಿ ಮಾಡಿಕೊಳ್ಳೋಣ. ಮೊದಲು ಕಾಣುವ ಪದದಿಂದ ಪರೀಕ್ಷೆ. ಆಮೇಲೆ ಹೆಸರಿನ ತುಂಡಿನಿಂದ ಮೂರು ಬಗೆಯ ಹುಡುಕಾಟ. ಆಮೇಲೆ ಅಂಕಿಯಿಂದ ಹುಡುಕಾಟ. ಆಗಲೂ ಸಿಗದಿದ್ದರೆ ಕಣ್ಣಿನಿಂದ ಓದುವುದು. ಯಾವ ಪಟ್ಟಿ, ಯಾವ ದಿನಾಂಕದ್ದು, ಯಾವ ಯಾವ ಪದ ಹಾಕಿ ನೋಡಿದೆವು ಎಂದು ಸಂಘದ ಪುಸ್ತಕದಲ್ಲಿ ಒಂದು ಸಾಲು ಬರೆದಿಡಿ. ಇಷ್ಟೆಲ್ಲ ಆದ ಮೇಲೂ ಆ ತಾಯಿಗೆ “ಇಲ್ಲ” ಎಂದಷ್ಟೇ ಹೇಳಿ ಕಳಿಸಬೇಡಿ. “ಈ ಪಟ್ಟಿಯಲ್ಲಿ ನಮಗೆ ಸಿಗಲಿಲ್ಲಮ್ಮ, ಕಚೇರಿಗೆ ಹೋಗಿ ಕೇಳೋಣ ಬಾ” ಎನ್ನಿ. ಆಕೆಯ ಜೊತೆ ನೀವೂ ಹೋಗಿ.

 ಈಗ ಟ್ಯಾಬ್ ತೆಗೆಯಿರಿ, ನಿಮ್ಮ ನಿಮ್ಮ ಊರಿನ ಪಟ್ಟಿ ತೆರೆಯೋಣ.