ಒಪ್ಪಿಗೆ, ಬಣ್ಣ ಮತ್ತು ಬಂಗಾರ

(ಶಿಕಾರಿಪುರ ಮತ್ತು ಸೊರಬ ತಾಲೂಕುಗಳ ಸ್ವಸಹಾಯ ಸಂಘಗಳ ಮಹಿಳೆಯರ ಮುಂದೆ ಆಡಿದ ಮಾತುಗಳ ಬರಹರೂಪ)



ಕಳೆದ ಸಲ ನಾವು ಸೇರಿದ್ದಾಗ ಒಬ್ಬ ತಾಯಿ ಕೇಳಿದ ಪ್ರಶ್ನೆಯನ್ನೇ ಇವತ್ತು ಎತ್ತಿಕೊಂಡಿದ್ದೇನೆ. ಅವರ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಉಪ್ಪಿಟ್ಟು, ಕಾಫಿ ಎಲ್ಲ ಆಯಿತು. ಏಳುವಾಗ ಹುಡುಗನ ಸೋದರಮಾವ, "ಹುಡುಗಿ ಒಪ್ಪಿಗೆ. ಬಣ್ಣ ಸ್ವಲ್ಪ ಕಮ್ಮಿ. ಹುಡುಗನಿಗೂ ಮನಸ್ಸಾಗಬೇಕಲ್ಲ, ಬಂಗಾರ ಒಂದಿಷ್ಟು ಜಾಸ್ತಿ ಹಾಕಿ" ಎಂದರಂತೆ. ಆ ತಾಯಿ ನನ್ನನ್ನು ಕೇಳಿದರು: "ಕಪ್ಪಗಿದ್ದರೆ ಗಂಡಸಿಗೆ ಮನಸ್ಸಾಗುವುದಿಲ್ಲ ಅನ್ನೋದು ಪ್ರಕೃತಿ ನಿಯಮವೇ ಅಕ್ಕಾ?"

ಒಬ್ಬರಿಗೆ ಇನ್ನೊಬ್ಬರ ಮೇಲೆ ಯಾಕೆ ಮನಸ್ಸಾಗುತ್ತದೆ ಎಂಬುದನ್ನು ನಾವು ಬಾಯಿಬಿಟ್ಟು ಮಾತಾಡುವುದಿಲ್ಲ. ಮಾತಾಡದೇ ಇರುವುದರಿಂದಲೇ ಯಾರು ಏನು ಹೇಳಿದರೂ ಅದೇ ನಿಯಮ ಎಂದು ನಂಬುತ್ತೇವೆ. ಆದ್ದರಿಂದ ವಿಜ್ಞಾನ ಏನು ಹೇಳುತ್ತದೆ ಎಂದು ಸ್ವಲ್ಪ ನೋಡೋಣ.

2005ರಲ್ಲಿ ಅಮೆರಿಕದಲ್ಲಿ ಹೆಲೆನ್ ಫಿಶರ್ ಮತ್ತು ಅವರ ಜೊತೆಗಾರರು, ಹೊಸದಾಗಿ ಪ್ರೀತಿಯಲ್ಲಿ ಬಿದ್ದಿದ್ದ 17 ಹೆಣ್ಣುಗಂಡುಗಳ ಮಿದುಳಿನ ಸ್ಕ್ಯಾನ್ ಮಾಡಿದ ಅಧ್ಯಯನವನ್ನು ಪ್ರಕಟಿಸಿದರು. ಪ್ರೀತಿಸಿದವರ ಫೋಟೋ ನೋಡಿದಾಗ ಮಿದುಳಿನ ಆಳದಲ್ಲಿ 'ಬೇಕು ಬೇಕು' ಎನ್ನಿಸುವ ಭಾಗ ಚುರುಕಾಗುತ್ತಿತ್ತು. ಅಲ್ಲಿ ಕೆಲಸ ಮಾಡುವ ರಾಸಾಯನಿಕಕ್ಕೆ ಡೋಪಮಿನ್ ಎಂದು ಹೆಸರು. ಗಮನಿಸಿ, ಇದು ಗಂಡಿಗಷ್ಟೇ ಆಗುವುದಲ್ಲ, ಹೆಣ್ಣಿಗೂ ಆಗುತ್ತದೆ.

ಸ್ವಿಟ್ಜರ್‌ಲೆಂಡಿನ ಬರ್ನ್ ನಗರದಲ್ಲಿ 1995ರಲ್ಲಿ ಕ್ಲೌಸ್ ವೆಡೆಕಿಂಡ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಇನ್ನೊಂದು ಪ್ರಯೋಗವನ್ನು ಪ್ರಕಟಿಸಿದರು. ಗಂಡುಹುಡುಗರು ಎರಡು ರಾತ್ರಿ ತೊಟ್ಟ ಬನಿಯನ್ನುಗಳ ವಾಸನೆ ನೋಡಲು ಹುಡುಗಿಯರಿಗೆ ಹೇಳಿದರು. ರೋಗ ತಡೆಯುವ ಶಕ್ತಿಗೆ ಸಂಬಂಧಿಸಿದ ವಂಶವಾಹಿಗಳು ಯಾರಲ್ಲಿ ತಮಗಿಂತ ಬೇರೆಯಾಗಿದ್ದವೋ ಅಂಥವರ ವಾಸನೆಯೇ ಬಹಳ ಹುಡುಗಿಯರಿಗೆ ಹಿತವೆನಿಸಿತು. ಆಮೇಲೆ ನಡೆದ ಪ್ರಯೋಗಗಳು ಎಲ್ಲವೂ ಇದನ್ನು ಒಪ್ಪಿಲ್ಲ. ಆದರೆ ನನಗೆ ಹಿಡಿಸಿದ್ದು ಬೇರೆ ವಿಷಯ. ಅಲ್ಲಿ ಹುಡುಗಿಯರನ್ನು, "ನಿಮಗೆ ಯಾವುದು ಹಿತ?" ಎಂದು ಕೇಳಿದರು. ನಮ್ಮಲ್ಲಿ ಹೆಣ್ಣು ನೋಡುವ ಶಾಸ್ತ್ರದಲ್ಲಿ ಕಾಫಿ ಲೋಟ ಹಿಡಿದು ಬಂದವಳನ್ನು ಇದನ್ನು ಕೇಳಿದವರು ಎಷ್ಟು ಮಂದಿ?

ಇನ್ನು ಬಣ್ಣದ ಮಾತು. ಚರ್ಮಕ್ಕೆ ಬಣ್ಣ ಬರುವುದು ಮೆಲನಿನ್ ಎಂಬ ವಸ್ತುವಿನಿಂದ. ಬಿಸಿಲಿನ ಕೆಟ್ಟ ಕಿರಣಗಳಿಂದ ಮೈಯನ್ನು ಕಾಯುವುದು ಅದರ ಕೆಲಸ. ಬಿಸಿಲಲ್ಲಿ ನಿಂತು ಗದ್ದೆ ನಾಟಿ ಮಾಡಿದವಳ, ಜೋಳ ಮುರಿದವಳ ಮೈ ಕಪ್ಪಾಗುವುದು ದೇಹ ತನ್ನನ್ನು ತಾನು ಕಾಪಾಡಿಕೊಳ್ಳುವ ಕ್ರಮ. ಅದು ಕೊರತೆ ಹೇಗಾಗುತ್ತದೆ?

ಹಾಗಾದರೆ ಬಿಳುಪೇ ಚೆಂದ ಎಂಬುದು ಎಲ್ಲಿಂದ ಬಂತು? ಅದು ನಮ್ಮ ಜಾತಿ, ಅಂತಸ್ತುಗಳ ಹಳೆಯ ಗಂಟು. ಅದರ ಜೊತೆಗೆ ರೂಢಿಯೂ ಸೇರಿತು. ಕಣ್ಣಿಗೆ ಮತ್ತೆ ಮತ್ತೆ ಬಿದ್ದದ್ದು ಮನಸ್ಸಿಗೆ ಹಿಡಿಸತೊಡಗುತ್ತದೆ ಎಂದು ರಾಬರ್ಟ್ ಝಾಯನ್ಸ್ ಎಂಬ ಮನೋವಿಜ್ಞಾನಿ 1968ರಲ್ಲೇ ತೋರಿಸಿದರು. ಸಿನಿಮಾದಲ್ಲಿ, ಕ್ಯಾಲೆಂಡರಿನಲ್ಲಿ, ಟಿ.ವಿ.ಯಲ್ಲಿ ಬಿಳಿ ಮುಖವನ್ನೇ ನೋಡಿ ನೋಡಿ ಅದೇ ಚೆಂದ ಎಂದು ಕಲಿತೆವು. 'ಫೇರ್ ಅಂಡ್ ಲವ್ಲಿ' ಕ್ರೀಮು ನಮ್ಮ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. 2020ರಲ್ಲಿ ಆ ಕಂಪನಿಯೇ 'ಫೇರ್' ಎಂಬ ಮಾತನ್ನು ಹೆಸರಿನಿಂದ ತೆಗೆದುಹಾಕಿತು. ಕ್ರೀಮಿನ ಡಬ್ಬಿಯ ಮೇಲಿಂದ ಹೋದ ಮಾತು ನಮ್ಮ ಮನೆಯ ಜಗಲಿಯಿಂದ ಇನ್ನೂ ಹೋಗಿಲ್ಲ.

ಒಂದು ವೇಳೆ ಹುಡುಗನಿಗೆ ನಿಜವಾಗಿಯೂ ಮನಸ್ಸಾಗಲಿಲ್ಲ ಎನ್ನೋಣ. ಅವನು ಬೇಡ ಎನ್ನಬಹುದು, ತಪ್ಪಿಲ್ಲ. ಆದರೆ ಬಂಗಾರ ಹಾಕಿದರೆ ಮನಸ್ಸಾಗುತ್ತದೆಯೇ? ಬಂಗಾರಕ್ಕೆ ಬರುವುದು ಬಂಗಾರದ ಮೇಲಿನ ಮನಸ್ಸು. ಅದು ಕರಗಿದ ದಿನ ಮತ್ತೆ "ತಾ" ಎನ್ನುತ್ತದೆ. ವರದಕ್ಷಿಣೆ ಸಾವುಗಳ ಕಥೆ ಶುರುವಾಗುವುದು ಬಹಳ ಸಲ ಇಂಥ ಸಣ್ಣ ಮಾತಿನಿಂದಲೇ.

ಇನ್ನೊಂದು ಮಾತೂ ನಮ್ಮ ಕಿವಿಗೆ ಬೀಳುತ್ತದೆ: "ಅವಳ ಮೇಲೆ ಪ್ರಾಣ, ಅದಕ್ಕೇ ಅನುಮಾನ, ಅದಕ್ಕೇ ಕೈ ಎತ್ತಿದ, ತಡೆಯಲಾಗಲಿಲ್ಲ." ಮನಸ್ಸಾಗುವುದು ನಮ್ಮ ಕೈಯಲ್ಲಿಲ್ಲದಿರಬಹುದು. ಆದರೆ ಮನುಷ್ಯನ ಮಿದುಳಿನಲ್ಲಿ, ಹಣೆಯ ಹಿಂದೆ, ತಡೆದು ಯೋಚಿಸುವ ಭಾಗವೂ ಇದೆ. ಸಾಹುಕಾರನ ಮುಂದೆ ಎಷ್ಟು ಸಿಟ್ಟು ಬಂದರೂ ಕೈಕಟ್ಟಿ ನಿಲ್ಲುವವನು ಮನೆಗೆ ಬಂದು ಕೈ ಎತ್ತುತ್ತಾನೆ. ಅಂದಮೇಲೆ ಅವನಿಗೆ ತಡೆಯಲು ಬರುತ್ತದೆ ಎಂದೇ ಅರ್ಥ.

ಇದನ್ನು ತಿಳಿಯಲು ನಾವು ದೂರ ಹೋಗಬೇಕಿಲ್ಲ. ಇದೇ ಶಿಕಾರಿಪುರ ತಾಲೂಕಿನ ಉಡುತಡಿಯ ಮಹಾದೇವಿಯ ಕಥೆ ನಮಗೆಲ್ಲ ಗೊತ್ತು. ಹನ್ನೆರಡನೇ ಶತಮಾನದ ಆಕೆಯ ಕಥೆಯನ್ನು ಹರಿಹರ ಕವಿ ರಗಳೆಯಾಗಿ ಬರೆದ. ಕೌಶಿಕ ರಾಜ ಅವಳನ್ನು ಕಂಡ, ಮರುಳಾದ. ಅಷ್ಟು ಅವನ ದೇಹದ ಕೆಲಸ. ಮಂತ್ರಿಗಳನ್ನು ಕಳಿಸಿ ಹೆತ್ತವರನ್ನು ಹೆದರಿಸಿದ್ದು ಅವನ ತೀರ್ಮಾನ. ಅವಳು ಷರತ್ತು ಹಾಕಿದಳು, ಅವನು ಮುರಿದ, ಅವಳು ಅರಮನೆ ಬಿಟ್ಟು ಹೊರಟಳು. ಎಂಟುನೂರು ವರ್ಷವಾದರೂ "ಅವಳ ರೂಪವೇ ತಪ್ಪು" ಎಂದು ಯಾರೂ ಹೇಳಿಲ್ಲ. ಹಾಗಿದ್ದರೆ ನಮ್ಮ ಬೀದಿಯ ಹುಡುಗಿಯ ಹಿಂದೆ ಯಾವನಾದರೂ ಬಿದ್ದಾಗ ಅವಳ ಬಟ್ಟೆಯ ಮೇಲೇಕೆ ತಪ್ಪು ಹೊರಿಸುತ್ತೇವೆ?

ಕಾನೂನೂ ನಮ್ಮ ಕಡೆಗಿದೆ. 1961ರ ವರದಕ್ಷಿಣೆ ನಿಷೇಧ ಕಾಯಿದೆಯಂತೆ ಕೇಳುವುದೇ ಅಪರಾಧ. ಬಣ್ಣದ ನೆಪದಲ್ಲಿ ಕೇಳಿದರೂ ಅಷ್ಟೇ. ಗಂಡ ಮತ್ತು ಅವನ ಮನೆಯವರ ಕ್ರೌರ್ಯಕ್ಕೆ ಹಿಂದೆ ಇದ್ದ 498ಎ ಕಲಂ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಾಗಿದೆ. ಹೆಣ್ಣಿನ ಹಿಂದೆ ಬಿದ್ದು ಕಾಡುವುದಕ್ಕೆ 78ನೇ ಕಲಮಿದೆ. ಮನೆಯೊಳಗಿನ ಹಿಂಸೆಗೆ 2005ರ ಕಾಯಿದೆಯಿದೆ. ಮಹಿಳಾ ಸಹಾಯವಾಣಿಯ ಸಂಖ್ಯೆ 181. ಮಕ್ಕಳಿಗೂ ಬಾಯಿಪಾಠ ಮಾಡಿಸಿ.

ಕೊನೆಯದಾಗಿ ನಮ್ಮದೇ ಲೆಕ್ಕ. ವಾರವಾರ ಕೂಡಿಟ್ಟ ಹಣದಿಂದ "ಮದುವೆ ಖರ್ಚು" ಎಂದು ನಾವು ಕೊಡುವ ಸಾಲದಲ್ಲಿ ಇಂಥ ಬಂಗಾರಕ್ಕೆ ಹೋಗುವುದು ಎಷ್ಟು? ಅಡಿಕೆ ಸುಲಿದು ಕೈಯೆಲ್ಲ ಕಪ್ಪು ಮಾಡಿಕೊಂಡು ಕೂಡಿಟ್ಟ ದುಡ್ಡನ್ನು ಮಗಳು ಕಪ್ಪು ಎಂಬ ಕಾರಣಕ್ಕೆ ದಂಡ ಕಟ್ಟುವುದೇ? ಮುಂದಿನ ವಾರ ಪ್ರತಿ ಸಂಘದಲ್ಲೂ ಇದನ್ನು ಚರ್ಚಿಸಿ, ನಿರ್ಣಯ ಪುಸ್ತಕದಲ್ಲಿ ಬರೆಯಿರಿ.

ಆ ತಾಯಿ ಇವತ್ತೂ ಇಲ್ಲಿ ಕುಳಿತಿದ್ದಾರೆ. ಗಂಡಿನ ಕಡೆಯವರಿಗೆ ಇನ್ನೂ ಉತ್ತರ ಕೊಟ್ಟಿಲ್ಲವಂತೆ. ಮೊದಲು ಮಗಳನ್ನು ಕೇಳಿ, ತಾಯಿ, ಅವಳಿಗೆ ಆ ಹುಡುಗ ಒಪ್ಪಿಗೆಯೇ ಎಂದು. ಆಮೇಲೆ ಉತ್ತರ ಹೇಳಲು ನೀವೊಬ್ಬರೇ ಹೋಗಬೇಡಿ. ನಿಮ್ಮ ಜೊತೆ ನಾವು ನಾಲ್ಕು ಜನ ಬರುತ್ತೇವೆ.