ಮೊದಲು ಕಾಲು, ಆಮೇಲೆ ಬೆರಳು: ಆಟೊಮ್ಯಾಟಿಕ್ ಕಾರಿನಲ್ಲಿ ಗೇರ್ ಇಳಿಸೋದು ಹೆಂಗೆ?

ಯಾದಗಿರಿ, ಶಹಾಪುರ, ಸುರಪುರ ಕಡೆಯಿಂದ ಕೇಳ್ತಿರೋ ಗೆಳೆಯ, ಗೆಳತಿಯರೇ, ಇವತ್ತಿನ ಮಾತು ನಿಮ್ಮ ರಸ್ತೆದ್ದೇ. ಒಂದು ವಿನಂತಿ: ಈಗ ನೀವು ಕಾರು ಓಡಿಸ್ತಾ ಇದ್ದರೆ ಇದನ್ನ ಊರು ಮುಟ್ಟಿದ ಮೇಲೆ ಕೇಳ್ರಿ. ಎಲ್ಲಿಗೂ ಓಡಿ ಹೋಗೋದಿಲ್ಲ.

ಸ್ಟೀರಿಂಗ್ ಹಿಂದೆ ಎರಡು ಸಣ್ಣ ಪ್ಯಾಡಲ್ ಇರ್ತಾವಲ್ಲ, ಬಲಗಡೆ ಪ್ಲಸ್, ಎಡಗಡೆ ಮೈನಸ್? ಕೆಲವು ಕಾರಲ್ಲಿ ಪ್ಯಾಡಲ್ ಇರೋದಿಲ್ಲ, ಗೇರ್ ಲಿವರನ್ನೇ ಪಕ್ಕಕ್ಕೆ ಸರಿಸಿ ಮುಂದೆ ಹಿಂದೆ ಮಾಡಬೇಕು. ಕ್ಲಚ್ ಇಲ್ಲ, ಆದರೆ ಯಾವ ಗೇರ್ ಬೇಕು ಅಂತ ನೀವೇ ಹೇಳಬಹುದು. ಇದನ್ನೇ ಮ್ಯಾನ್ಯುಯಲ್ ಮೋಡ್ ಅಂತಾರೆ. ಗೇರ್ ಏರಿಸೋದು ಸುಲಭ, ಅದರಲ್ಲಿ ತಪ್ಪಾದರೂ ಕಾರು ಸ್ವಲ್ಪ ಮಂದ ಆಗ್ತದೆ ಅಷ್ಟೇ. ಇಳಿಸೋದರಲ್ಲೇ ಅಪಾಯ ಇರೋದು.

ಮೊದಲೆಲ್ಲ ಇದು ದುಡ್ಡಿದ್ದವರ ಕಾರಿನ ವಿಷಯ ಆಗಿತ್ತು. 2013ರಲ್ಲಿ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಬಂತು, ಅದರಲ್ಲಿ 7 ಗೇರಿನ ಡಿಎಸ್‌ಜಿ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಎಎಂಟಿ ಬಂತು, ಆಗ ಸಣ್ಣ ಕಾರಿಗೂ ಪ್ಲಸ್ ಮೈನಸ್ ಸಿಕ್ಕಿತು. 2021ರಲ್ಲಿ ಹ್ಯುಂಡೈ ಐ20 ಎನ್ ಲೈನ್ ಬಂತು: 1 ಲೀಟರ್ ಟರ್ಬೊ ಎಂಜಿನ್, 120 ಪಿಎಸ್, 7 ಗೇರಿನ ಡಿಸಿಟಿ, ಜೊತೆಗೆ ಪ್ಯಾಡಲ್. ಇಂಥ ಕಾರುಗಳು ಸೆಕೆಂಡ್ ಹ್ಯಾಂಡ್‌ನಲ್ಲೂ ಸಿಗ್ತಾವೆ. ಶಹಾಪುರದ ಮಲಗಿದ ಬುದ್ಧನ ಬೆಟ್ಟವನ್ನ ಹಿಂದೆ ಇಟ್ಟುಕೊಂಡು, ಎಡಗಡೆ ಪ್ಯಾಡಲ್ ಎರಡು ಸಲ ಎಳೆದು, ಎಂಜಿನ್ ‘ಭರ್ರ್’ ಅಂದ ಕೂಡಲೇ ರೀಲ್ಸ್ ಮಾಡೋರು ಈಗ ಕಮ್ಮಿ ಏನಿಲ್ಲ. ಆ ಶಬ್ದ ಬರುವಾಗ ಕಾರಿನ ಒಳಗೆ ಏನಾಗ್ತದೆ ಅಂತ ಮೊದಲು ನೋಡೋಣ.

ಉದಾಹರಣೆಗೆ ನೀವು ನಾಲ್ಕನೇ ಗೇರಲ್ಲಿ ಇದ್ದೀರಿ, ಎಂಜಿನ್ 3000 ಆರ್‌ಪಿಎಂನಲ್ಲಿ ತಿರುಗ್ತಿದೆ ಅಂದುಕೊಳ್ರಿ. ಅದೇ ವೇಗದಲ್ಲಿ ಮೂರಕ್ಕೆ ಇಳಿಸಿದರೆ ಅದು ಹತ್ತಿರ ಹತ್ತಿರ 4000 ಆಗಬೇಕು. ಎರಡಕ್ಕೆ ಇಳಿಸಿದರೆ 6000ದ ಸುತ್ತಮುತ್ತ. ಲೆಕ್ಕ ಕಾರಿನಿಂದ ಕಾರಿಗೆ ಬೇರೆ, ಆದರೆ ತತ್ವ ಒಂದೇ: ಚಕ್ರದ ವೇಗ ಬದಲಾಗಿಲ್ಲ, ಗೇರ್ ಬದಲಾಗಿದೆ, ಹಂಗಾಗಿ ಎಂಜಿನ್ ಜೋರಾಗಿ ತಿರುಗಲೇಬೇಕು. ಅದನ್ನ ತಿರುಗಿಸೋರು ಯಾರು? ಒಳ್ಳೆಯ ಗೇರ್‌ಬಾಕ್ಸ್ ಆದರೆ ಕಂಪ್ಯೂಟರ್ ತಾನೇ ಒಂದು ಕ್ಷಣ ಆಕ್ಸಿಲರೇಟರ್ ಕೊಟ್ಟು ಎಂಜಿನ್ ವೇಗವನ್ನ ಹೊಂದಿಸ್ತದೆ. ಇದಕ್ಕೆ ರೆವ್ ಮ್ಯಾಚಿಂಗ್ ಅಂತ ಹೆಸರು. ಅದು ಪೂರ್ತಿ ಹೊಂದದಿದ್ದರೆ ಉಳಿದ ಕೆಲಸ ಚಕ್ರದ ಪಾಲಿಗೆ ಬರ್ತದೆ. ಚಕ್ರಗಳೇ ಎಂಜಿನ್ನನ್ನ ಎಳೆದು ತಿರುಗಿಸಬೇಕು. ನಿಮಗೆ ಬರುವ ಜರ್ಕ್ ಅದೇ.

‘ತಪ್ಪು ಗೇರ್ ಹಾಕಿದರೆ ಕಾರೇ ತಗೊಳ್ಳೋದಿಲ್ಲ ಬಿಡ್ರಿ’ ಅಂತ ಬಹಳ ಮಂದಿ ಹೇಳ್ತಾರೆ. ನಿಜ. ಎಂಜಿನ್ ರೆಡ್‌ಲೈನ್ ದಾಟುವಂತಿದ್ದರೆ ಕಂಪ್ಯೂಟರ್ ನಿಮ್ಮ ಆದೇಶ ಒಪ್ಪೋದಿಲ್ಲ, ‘ಟಿಣ್’ ಅಂತ ಸದ್ದು ಮಾಡಿ ಸುಮ್ಮನಾಗ್ತದೆ. ಆದರೆ ಅದು ಕಾಯೋದು ಎಂಜಿನ್ನನ್ನ. ಮುಂದಿನ ತಿರುವಿನಲ್ಲಿ ರಸ್ತೆ ಮೇಲೆ ಏನು ಬಿದ್ದಿದೆ ಅಂತ ಅದಕ್ಕೆ ಗೊತ್ತಿಲ್ಲ.

ಏನು ಬಿದ್ದಿರ್ತದೆ ಅಂತ ನಮಗೆ ಗೊತ್ತು. ಕೃಷ್ಣಾ ಮೇಲ್ದಂಡೆ ಕಾಲುವೆ ನೀರು ಬಂದ ಮೇಲೆ ಶಹಾಪುರ, ಸುರಪುರ ಕಡೆ ಭತ್ತದ ಗದ್ದೆ ಎಷ್ಟಾದವು ಅಂತ ಹೇಳಬೇಕಾಗಿಲ್ಲ. ನಾಟಿ ಕಾಲಕ್ಕೆ ಟ್ರ್ಯಾಕ್ಟರ್ ಗದ್ದೆಯಿಂದ ಸೀದಾ ಡಾಂಬರು ರಸ್ತೆಗೆ ಹತ್ತುತ್ತದೆ, ಅದರ ಚಕ್ರದಿಂದ ಎರೆಮಣ್ಣು ಹೆಂಟೆ ಹೆಂಟೆಯಾಗಿ ಬೀಳ್ತದೆ. ಅದರ ಮೇಲೆ ನಾಲ್ಕು ಹನಿ ಮಳೆ ಬಿದ್ದರೆ ಬೆಣ್ಣೆ ಸವರಿದಂಗೆ. ಹತ್ತಿ ಬಿಡಿಸೋ ಕಾಲಕ್ಕೆ ಟ್ರಾಲಿಗಿಂತ ಅಗಲ ಹೊಟ್ಟೆ ಮಾಡಿಕೊಂಡ ಲೋಡು, ಹಿಂದೆ ಲೈಟ್ ಇರೋದಿಲ್ಲ. ಸಂಜೆ ಹೊತ್ತಿಗೆ ಕುರಿ ಹಿಂಡು. ಹತ್ತಿಗೂಡೂರ ಕ್ರಾಸ್‌ನಂಥ ಕಡೆ ದೇವದುರ್ಗದ ದಾರಿಯಿಂದ ಬರೋ ಗಾಡಿ.

ಇಂಥ ಮಣ್ಣಿನ ಮೇಲೆ, ತಿರುವಿನ ಮಧ್ಯದಲ್ಲಿ ನೀವು ಒಮ್ಮೆಲೇ ಎರಡು ಗೇರ್ ಇಳಿಸಿದರೆ ಏನಾಗ್ತದೆ? ನಮ್ಮ ಬಹುತೇಕ ಸಣ್ಣ ಕಾರುಗಳಲ್ಲಿ ಎಂಜಿನ್ ಬಲ ಹೋಗೋದು ಮುಂದಿನ ಎರಡು ಚಕ್ರಕ್ಕೆ. ಎಂಜಿನ್ ಹಿಡಿದು ಎಳೆಯೋದೂ ಅವೆರಡನ್ನೇ. ಹಿಡಿತ ತಪ್ಪಿದರೆ ಸ್ಟೀರಿಂಗ್ ತಿರುಗಿಸಿದರೂ ಕಾರು ಸೀದಾ ಹೋಗ್ತದೆ. ಹಿಂದಿನ ಚಕ್ರಕ್ಕೆ ಬಲ ಹೋಗುವ ಕಾರಾದರೆ ಬಾಲವೇ ಹೊರಗೆ ಬೀಸ್ತದೆ.

‘ಎಬಿಎಸ್ ಅದ ಅಲ್ರಿ?’ ಅಂತ ಕೇಳಬಹುದು. 2019ರ ಏಪ್ರಿಲ್‌ನಿಂದ ಹೊಸ ಕಾರಿಗೆಲ್ಲ ಎಬಿಎಸ್ ಕಡ್ಡಾಯ, ಸರಿ. ಆದರೆ ಎಬಿಎಸ್ ಮಾಡೋದು ಬ್ರೇಕಿನ ಒತ್ತಡ ಸಡಿಲಿಸೋ ಕೆಲಸ. ಚಕ್ರವನ್ನ ತಡೀತಿರೋದು ಬ್ರೇಕ್ ಅಲ್ಲ, ಎಂಜಿನ್ ಅಂದರೆ ಸಡಿಲಿಸೋಕೆ ಅಲ್ಲಿ ಏನೂ ಇರೋದಿಲ್ಲ. ಇಎಸ್‌ಪಿ ಇರೋ ಕೆಲವು ಕಾರುಗಳು ಇಂಥ ಹೊತ್ತಲ್ಲಿ ತಾವೇ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಸಹಾಯ ಮಾಡ್ತಾವೆ, ಎಲ್ಲ ಕಾರೂ ಮಾಡೋದಿಲ್ಲ.

ಇನ್ನೊಂದು ಮಾತು, ಇದನ್ನ ಯಾರೂ ಹೇಳೋದಿಲ್ಲ. ಗೇರ್ ಇಳಿಸಿ ಕಾರು ನಿಧಾನ ಮಾಡಿದರೆ ಹಿಂದಿನ ಕೆಂಪು ಲೈಟ್ ಹತ್ತೋದಿಲ್ಲ. ಬ್ರೇಕ್ ಪೆಡಲ್ ತುಳಿದರೆ ಮಾತ್ರ ಹತ್ತುತ್ತದೆ. ನಿಮ್ಮ ಹಿಂದೆ ಬೈಕ್ ಮೇಲೆ ಗಂಡ, ಹೆಂಡತಿ, ಮಧ್ಯದಲ್ಲಿ ಕೂಸು ಬರ್ತಿರ್ತಾರೆ. ನೀವು ನಿಧಾನ ಆಗಿದ್ದು ಅವರಿಗೆ ತಿಳಿಯೋದು ಹೆಂಗೆ?

ಹಂಗಾದರೆ ಸರಿಯಾದ ಕ್ರಮ ಯಾವುದು? ಯಾದಗಿರಿಯಿಂದ ಭೀಮಾ ಸೇತುವೆ ದಾಟಿ ಶಹಾಪುರದ ಕಡೆ 80ರಲ್ಲಿ ಹೊಂಟೀರಿ, ಮುಂದೆ ತಿರುವು ಕಾಣ್ತದೆ ಅಂದುಕೊಳ್ರಿ. 80ರಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಹೋಗ್ತದೆ, ಅದಕ್ಕೇ ಯೋಚನೆ ಬೇಗ ಶುರುವಾಗಬೇಕು. ಮೊದಲು ಕನ್ನಡಿ ನೋಡ್ರಿ. ಕಾರು ಸೀದಾ ಇರುವಾಗಲೇ ಬ್ರೇಕ್ ತುಳೀರಿ. ಬ್ರೇಕ್ ನಾಲ್ಕೂ ಚಕ್ರ ಹಿಡೀತದೆ, ಲೈಟೂ ಹತ್ತುತ್ತದೆ. ವೇಗ ಇಳಿದ ಮೇಲೆ ಮೈನಸ್ ಒಂದು ಸಲ ಎಳೀರಿ, ಒಂದೇ ಸಲ. ಮುಳ್ಳು ಏರಿ ನಿಲ್ಲಲಿ, ಡ್ಯಾಶ್‌ಬೋರ್ಡಿನಲ್ಲಿ ಗೇರಿನ ಅಂಕಿ ಬದಲಾಗಲಿ. ಇನ್ನೂ ಬೇಕಾದರೆ ಇನ್ನೊಂದು. ತಿರುವಿಗೆ ಸ್ಟೀರಿಂಗ್ ತಿರುಗಿಸುವ ಮೊದಲೇ ಗೇರಿನ ಕೆಲಸ ಮುಗಿದಿರಬೇಕು. ತಿರುವಿನೊಳಗೆ ಹಗುರಾಗಿ ಆಕ್ಸಿಲರೇಟರ್, ಅಷ್ಟೇ. ಮೊದಲು ಕಾಲು, ಆಮೇಲೆ ಬೆರಳು ಅಂತ ನೆನಪಿಟ್ಟುಕೊಳ್ರಿ.

ಕಾರು ಗೇರ್ ತಗೊಳ್ಳದೇ ‘ಟಿಣ್’ ಅಂದರೆ ಸಿಟ್ಟಿಗೆದ್ದು ಮೇಲಿಂದ ಮೇಲೆ ಎಳೀಬ್ಯಾಡ್ರಿ. ಯಾವ ಗೇರಲ್ಲಿ ಇದ್ದೀರಿ ಅನ್ನೋ ಲೆಕ್ಕ ನಿಮಗೇ ತಪ್ಪುತ್ತದೆ. ಅದು ಹೇಳ್ತಿರೋದು ಒಂದೇ ಮಾತು: ಇನ್ನೂ ವೇಗ ಜಾಸ್ತಿ ಅದ, ಬ್ರೇಕ್ ಹಿಡಿ.

ಓವರ್‌ಟೇಕ್ ಮಾಡುವಾಗಲೂ ಹಿಂಗೇ. ಎದುರಿನ ರಸ್ತೆ ಪೂರ್ತಿ ಖಾಲಿ ಕಂಡ ಮೇಲೆ, ನಿಮ್ಮ ಲೇನಿನಲ್ಲೇ ಇದ್ದು ಗೇರ್ ಇಳಿಸ್ರಿ, ಎಂಜಿನ್ ತಯಾರಾಗಲಿ, ಆಮೇಲೆ ಹೊರಗೆ ಬರ್ರಿ. ಲಾರಿ ಪಕ್ಕಕ್ಕೆ ಹೋದ ಮೇಲೆ ಗೇರ್ ಹುಡುಕೋದು ಬೇಡ. ಎಎಂಟಿ ಕಾರಿನವರು ಇದನ್ನ ಇನ್ನೂ ಗಮನಿಸಬೇಕು, ಅದು ಗೇರ್ ಬದಲಿಸುವಾಗ ಒಂದು ಕ್ಷಣ ಬಲವೇ ಇರೋದಿಲ್ಲ. ಹೋಂಡಾ ಸಿಟಿಯಂಥ ಸಿವಿಟಿ ಕಾರಿನಲ್ಲಿ ನಿಜವಾದ ಗೇರ್‌ಗಳೇ ಇಲ್ಲ, ಪ್ಯಾಡಲ್ ಕೊಡೋದು ಕಂಪ್ಯೂಟರ್ ಗುರುತು ಮಾಡಿದ ಮೆಟ್ಟಿಲುಗಳನ್ನ. ಎಂಜಿನ್ ಎಳೆತ ಅದರಲ್ಲೂ ಬರ್ತದೆ, ಕ್ರಮವೂ ಅದೇ.

ಹಂಗಾದರೆ ಎಂಜಿನ್ ಬ್ರೇಕಿಂಗ್ ಬೇಡವೇ ಬೇಡ ಅಂತಲ್ಲ. ಅದಕ್ಕೂ ಒಂದು ಜಾಗ ಇದೆ, ಅದು ಇಳಿಜಾರು. ನಮ್ಮ ಕಡೆ ಬಯಲು ಜಾಸ್ತಿ. ಸುರಪುರದ ಸುತ್ತ ಗುಡ್ಡ ಇದ್ದರೂ ಮೈಲಿಗಟ್ಟಲೆ ಇಳಿಯೋ ಘಾಟಿ ಇಲ್ಲ. ಆದರೆ ಇದೇ ಕಾರು ತಗೊಂಡು ಶ್ರೀಶೈಲಕ್ಕೆ ಹೋಗ್ತೀರಲ್ಲ? ತೆಲಂಗಾಣದ ಕಡೆಯಿಂದ ನಲ್ಲಮಲ ಕಾಡಿನೊಳಗೆ ಕೃಷ್ಣೆಯ ಅಣೆಕಟ್ಟಿನ ತನಕ ಇಳೀತಾ ಹೋಗುವ ಆ ಘಾಟಿಯಲ್ಲಿ ಬರೀ ಬ್ರೇಕ್ ಒತ್ತಿಕೊಂಡೇ ಹೋದರೆ ಪ್ಯಾಡ್ ಕಾದು, ಪೆಡಲ್ ತುಳಿದರೂ ಕಾರು ನಿಲ್ಲದಂಗೆ ಆಗಬಹುದು. ಅಲ್ಲಿ ಇಳಿಯೋಕೆ ಶುರು ಮಾಡುವ ಮೊದಲೇ ಮ್ಯಾನ್ಯುಯಲ್ ಮೋಡಿಗೆ ಬಂದು ಎರಡನೇ ಅಥವಾ ಮೂರನೇ ಗೇರ್ ಹಾಕ್ಕೊಳ್ರಿ. ಹತ್ತೋಕೆ ಯಾವ ಗೇರ್ ಬೇಕೋ ಇಳಿಯೋಕೂ ಅದೇ ಗೇರ್ ಅಂತ ಹಳೆಯ ಲಾರಿ ಡ್ರೈವರ್‌ಗಳು ಹೇಳೋ ಮಾತು ಪ್ಯಾಡಲ್ ಕಾರಿಗೂ ಸರಿ. ವೇಗ ಏರಿದರೆ ಬ್ರೇಕ್ ಗಟ್ಟಿಯಾಗಿ ಹಿಡಿದು ಇಳಿಸಿ, ಬಿಟ್ಟುಬಿಡ್ರಿ. ಅದು ಆರಲಿ.

ಪೆಟ್ರೋಲ್ ಉಳೀತದೆ ಅಂತ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡೋರಿಗೂ ಒಂದು ಸುದ್ದಿ: ಉಳಿಯೋದಿಲ್ಲ. ಗೇರಿನಲ್ಲಿ ಇದ್ದು ಆಕ್ಸಿಲರೇಟರ್ ಬಿಟ್ಟರೆ ಇವತ್ತಿನ ಎಂಜಿನ್‌ಗಳಲ್ಲಿ ಇಂಜೆಕ್ಟರ್ ಪೆಟ್ರೋಲ್ ಬಿಡೋದನ್ನೇ ನಿಲ್ಲಿಸ್ತದೆ, ಚಕ್ರವೇ ಎಂಜಿನ್ ತಿರುಗಿಸ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆರದಂಗೆ ಇರೋಕೆ ಅದಕ್ಕೆ ಪೆಟ್ರೋಲ್ ಬೇಕು. ಖರ್ಚೂ ಹೆಚ್ಚು, ಹಿಡಿತವೂ ಇಲ್ಲ.

ಇನ್ನು ಕುರಿ ಒಮ್ಮೆಲೇ ಅಡ್ಡ ಬಂತು, ಮಗು ಓಡಿ ಬಂತು. ಆಗ ಪ್ಯಾಡಲ್ ಮರೆತುಬಿಡ್ರಿ. ಬ್ರೇಕ್ ಪೂರ್ತಿ ತುಳೀರಿ, ಪೆಡಲ್ ಗಡಗಡ ಅಂದರೂ ಕಾಲು ಎತ್ತಬ್ಯಾಡ್ರಿ, ಅದು ಎಬಿಎಸ್ ಕೆಲಸ ಮಾಡೋ ಸದ್ದು. ಕೈ ಸ್ಟೀರಿಂಗ್ ಮೇಲೆ, ಕಣ್ಣು ಖಾಲಿ ಜಾಗದ ಮೇಲೆ. ವೇಗ ಇಳಿದಂತೆ ಗೇರ್ ಇಳಿಸೋ ಕೆಲಸ ಕಾರು ತಾನೇ ಮಾಡಿಕೊಳ್ತದೆ.

ಕಲೀಬೇಕು ಅಂದರೆ ಮಳೆ ಇಲ್ಲದ ದಿನ, ಬೆಳಗ್ಗೆ, ಖಾಲಿ ರಸ್ತೆಯಲ್ಲಿ, 40ರ ವೇಗದಲ್ಲಿ ಶುರು ಮಾಡ್ರಿ. 40ರಲ್ಲಿ ಕಾರಿಗೆ ಇರೋ ಶಕ್ತಿ 80ರಲ್ಲಿ ಇರೋದರ ನಾಲ್ಕನೇ ಒಂದು ಭಾಗ, ಹಂಗಾಗಿ ಏನಾದರೂ ಹೆಚ್ಚುಕಮ್ಮಿ ಆದರೂ ಸಾವರಿಸಿಕೊಳ್ಳೋಕೆ ಜಾಗ ಇರ್ತದೆ. ನಿಮ್ಮ ಕಾರಿನ ಲಿವರ್‌ನಲ್ಲಿ ಮೈನಸ್ ಮುಂದಿದೆಯೋ ಹಿಂದಿದೆಯೋ ಅಂತ ನಿಂತಾಗಲೇ ನೋಡಿಕೊಳ್ರಿ, ಕಂಪನಿಯಿಂದ ಕಂಪನಿಗೆ ಅದು ಬೇರೆ. ಬ್ರೇಕ್, ಒಂದು ಗೇರ್, ಬ್ರೇಕ್, ಇನ್ನೊಂದು ಗೇರ್.

ಪರೀಕ್ಷೆ ಸುಲಭ. ಪಕ್ಕದಲ್ಲಿ ಅವ್ವನ್ನ ಕೂಡಿಸ್ಕೊಳ್ರಿ. ಗೇರ್ ಇಳಿಸಿದಾಗ ಅವ್ವನ ತಲೆ ಮುಂದಕ್ಕೆ ಬಾಗಿದರೆ ಅವಸರ ಮಾಡಿದ್ರಿ ಅಂತ. ಗೇರ್ ಬದಲಾದದ್ದೇ ಗೊತ್ತಾಗದೆ ಆಕಿ ಮನೆ ಮಾತು ಮುಂದುವರಿಸಿದರೆ ನೀವು ಪಾಸ್.

ಮುಂದಿನ ವಾರ ಟೈರಿನ ಬಗ್ಗೆ ಮಾತಾಡೋಣ. ಅಲ್ಲಿ ತನಕ ಹುಷಾರು, ಶರಣು.