ಊಟವೂ ವಂಶವೂ: ರಕ್ತದೊಳಗಿನ ಕಬ್ಬಿಣ



ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಸವಡಿ ಎರೆಭೂಮಿಯ ಊರು. ಆ ಸೀಮೆಯಲ್ಲಿ ಹಿಂಗಾರಿನ ಜೋಳ, ಕಡಲೆ ಮುಖ್ಯ ಬೆಳೆ. ಜೋಳದ ರೊಟ್ಟಿ, ಕಾಳುಪಲ್ಯ, ಪುಂಡಿಸೊಪ್ಪು ನಿತ್ಯದ ಊಟ. ಅಂಥದೊಂದು ಮನೆಯನ್ನು ಊಹಿಸಿಕೊಳ್ಳೋಣ. ಒಂದೇ ಹಂಚಿನ ರೊಟ್ಟಿಯನ್ನುಂಡು ಬೆಳೆದ ಅಕ್ಕತಂಗಿಯರಲ್ಲಿ ಒಬ್ಬಳು ಬುತ್ತಿ ಹೊತ್ತು ಹೊಲಕ್ಕೆ ನಡೆದರೂ ದಣಿಯಳು; ಇನ್ನೊಬ್ಬಳಿಗೆ ಒಂದು ಕೊಡ ನೀರು ತಂದರೆ ಏದುಸಿರು. ಕೆಲವರು ಇದನ್ನು ಹಣೆಬರಹವೆನ್ನುತ್ತಾರೆ. ಕೆಲವರು ಹುಡುಗಿ ಸರಿಯಾಗಿ ಉಣ್ಣಲಿಲ್ಲವೆಂದು ಗದರುತ್ತಾರೆ. ಎರಡು ಮಾತೂ ಅರ್ಧಸತ್ಯವೆಂಬುದನ್ನು ಇಂದು ನಿವೇದಿಸಬಯಸುತ್ತೇವೆ.

ವಯಸ್ಕರ ದೇಹದಲ್ಲಿರುವ ಕಬ್ಬಿಣ ಒಟ್ಟು 3ರಿಂದ 4 ಗ್ರಾಂ ಮಾತ್ರ. ಅದರ ಬಹುಭಾಗ ರಕ್ತದ ಕೆಂಪು ಕಣಗಳಲ್ಲಿದ್ದು, ಉಸಿರಿನ ಆಮ್ಲಜನಕವನ್ನು ಅಂಗಾಂಗಗಳಿಗೆ ಹೊರುತ್ತದೆ. ಪ್ರತಿದಿನ ಸುಮಾರು 1 ಮಿಲಿಗ್ರಾಂ ಕಳೆದುಹೋಗುತ್ತದೆ. ಮುಟ್ಟು, ಬಸಿರು, ಬಾಣಂತನಗಳಿಂದ ಹೆಂಗಸರ ನಷ್ಟ ಇನ್ನೂ ಹೆಚ್ಚು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರ ಪೈಕಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆಯಿತ್ತು. ಇದು ಒಂದೆರಡು ಮನೆಗಳ ಕಷ್ಟವಲ್ಲ.

ಜೋಳದಲ್ಲಿ ಕಬ್ಬಿಣವಿಲ್ಲವೆ? ಉಂಟು, 100 ಗ್ರಾಂ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ ಇದೆ. ಆದರೆ ಉಂಡದ್ದೆಲ್ಲ ರಕ್ತಕ್ಕೆ ಸೇರದು. ಧಾನ್ಯ ಕಾಳುಗಳಲ್ಲಿರುವ ಫೈಟೇಟು ಎಂಬ ವಸ್ತು ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಊಟದೊಡನೆ ಕುಡಿದ ಚಹವೂ ಅದೇ ಕೆಲಸ ಮಾಡುತ್ತದೆ. ಈ ಕಟ್ಟನ್ನು ಬಿಡಿಸುವ ಉಪಾಯವೂ ಅಡಿಗೆಮನೆಯಲ್ಲೇ ಇದೆ. ಕಾಳನ್ನು ನೆನೆಹಾಕಿ ಮೊಳಕೆ ಬರಿಸಿದರೆ ಫೈಟೇಟು ತಗ್ಗುತ್ತದೆ. ಊಟಕ್ಕೆ ಕುಳಿತ ಮೇಲೆ ಹಿಂಡಿದ ನಿಂಬೆಹಣ್ಣು, ಊಟದೊಡನೆ ತಿಂದ ಪೇರಲಹಣ್ಣು ಕಬ್ಬಿಣವನ್ನು ರಕ್ತಕ್ಕೆ ಸೇರಿಸಲು ನೆರವಾಗುತ್ತವೆ. ಹುಳಿಯಾದ ಪುಂಡಿಪಲ್ಯವನ್ನು ಕಬ್ಬಿಣದ ಬಾಣಲೆಯಲ್ಲಿ ಬೇಯಿಸಿದರೆ ಪಾತ್ರೆಯ ಕಬ್ಬಿಣವೂ ತುಸು ಪಲ್ಯಕ್ಕೆ ಇಳಿಯುತ್ತದೆ. ಚಹಕ್ಕೆ ಊಟದಿಂದ ಒಂದೆರಡು ಗಂಟೆ ಬಿಡುವು ಕೊಟ್ಟರೆ ಸಾಕು.

ಇನ್ನು ವಂಶದ ಮಾತು. ಕರುಳು ಎಷ್ಟು ಕಬ್ಬಿಣವನ್ನು ಒಳಕ್ಕೆ ಬಿಡಬೇಕೆಂಬುದನ್ನು ಯಕೃತ್ತಿನಲ್ಲಿ ಹುಟ್ಟುವ ಹೆಪ್ಸಿಡಿನ್ ಎಂಬ ರಸ ನಿಯಮಿಸುತ್ತದೆ. ಅದು ಬಾಗಿಲ ಕಾವಲುಗಾರನಿದ್ದಂತೆ. ಅಪ್ಪ ಅಮ್ಮಂದಿರಿಂದ ಬಂದ ಜೀನುಗಳಲ್ಲಿ ದೋಷವಿದ್ದರೆ ಕಾವಲುಗಾರನೂ ತಪ್ಪುತ್ತಾನೆ. ಉತ್ತರ ಯೂರೋಪಿನ ಕೆಲವು ವಂಶಗಳಲ್ಲಿ ಅವನು ಬಾಗಿಲನ್ನು ತೆರೆದೇ ಬಿಡುವುದರಿಂದ ಕಬ್ಬಿಣ ಮಿತಿಮೀರಿ ಶೇಖರವಾಗಿ ಯಕೃತ್ತನ್ನು ಕೆಡಿಸುತ್ತದೆ. ಆ ಜೀನನ್ನು 1996ರಲ್ಲಿ ಗುರುತಿಸಲಾಯಿತು. ನಮ್ಮಲ್ಲಿ ಆ ರೋಗ ವಿರಳ.

ನಮ್ಮ ದೇಶದವರು ಮುಖ್ಯವಾಗಿ ಅರಿಯಬೇಕಾದುದು ಥಲಸ್ಸೀಮಿಯಾದ ವಿಷಯ. ಇದರ ಒಂದು ಜೀನನ್ನು ಮಾತ್ರ ಹೊತ್ತವರು ಬಹುಮಟ್ಟಿಗೆ ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಅವರ ಕೆಂಪು ಕಣಗಳು ಸಣ್ಣವು, ರಕ್ತದ ಪ್ರಮಾಣವೂ ತುಸು ಕಡಮೆ. ನೋಡಿದವರಿಗೆ ಅದು ಕಬ್ಬಿಣದ ಕೊರತೆಯಂತೆಯೇ ತೋರುತ್ತದೆ. ಕೊರತೆಯೇ ಇಲ್ಲದಿದ್ದಾಗ ಎಷ್ಟು ಮಾತ್ರೆ ನುಂಗಿದರೂ ಈ ಕಣಗಳು ಬದಲಾಗವು. ಇಂಥ ಇಬ್ಬರು ಮದುವೆಯಾದರೆ ಪ್ರತಿಯೊಂದು ಬಸಿರಿನಲ್ಲಿಯೂ ಮಗುವಿಗೆ ತೀವ್ರ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು ಪಾಲು. ಅಂಥ ಮಗುವಿಗೆ ಸಾಮಾನ್ಯವಾಗಿ ಬಾಳಿನುದ್ದಕ್ಕೂ ಪರರ ರಕ್ತ ಬೇಕಾಗುತ್ತದೆ. ಸೋದರಮಾವ, ಅತ್ತೆಯ ಮಗನೆಂದು ಸಂಬಂಧದೊಳಗೇ ಹೆಣ್ಣು ಕೊಡುವ ಮನೆಗಳಲ್ಲಿ, ಜೀನು ವಂಶದಲ್ಲಿದ್ದರೆ, ಅದು ಇಬ್ಬರಲ್ಲಿಯೂ ಇರುವ ಸಂಭವ ಹೆಚ್ಚು.

ಆದುದರಿಂದ ದಣಿವಿನ ಹೆಣ್ಣನ್ನು ಗದರುವ ಮೊದಲು ರಕ್ತಪರೀಕ್ಷೆ ಮಾಡಿಸಿರಿ. ಕೊರತೆ ಕಂಡರೆ ವೈದ್ಯರು ಕೊಟ್ಟ ಮಾತ್ರೆಯನ್ನು ನಡುವೆ ಬಿಡದೆ ಕೊಡಿಸಿರಿ. ಬಸುರಿಯರಂತೂ ತಾವಾಗಿ ನಿಲ್ಲಿಸಲಾಗದು. ಮಾತ್ರೆಗೂ ರಕ್ತ ಏರದಿದ್ದರೆ ಥಲಸ್ಸೀಮಿಯಾದ ಪರೀಕ್ಷೆಯನ್ನು ಕೇಳಿರಿ. ಮದುವೆಗೆ ಮುಂಚೆ ಜಾತಕ ನೋಡುವವರು ಈ ಒಂದು ಕಾಗದವನ್ನೂ ನೋಡಲಿ. ವಂಶವನ್ನು ನಾವು ಆರಿಸಿಕೊಂಡು ಹುಟ್ಟಲಿಲ್ಲ. ಆದರೆ ಅದನ್ನು ತಿಳಿದುಕೊಳ್ಳುವುದೂ ತಟ್ಟೆಯನ್ನು ತಿದ್ದಿಕೊಳ್ಳುವುದೂ ನಮ್ಮ ಕೈಯಲ್ಲಿವೆ.